ಅಕ್ಕಿಕಾಳಿನ ತುದಿಯ ಕಚ್ಚು

ಬಿಳಿ ಅಕ್ಕಿಯ ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ಒಂದು ತುದಿಯಲ್ಲಿ ಸಣ್ಣದೊಂದು ಓರೆಯಾದ ಕಚ್ಚು ಕಾಣುತ್ತದೆ. ಅಕ್ಕಿ ಆರಿಸುವಾಗಲೆಲ್ಲ ಅದನ್ನು ಕಂಡಿದ್ದರೂ, ಅಲ್ಲಿ ಒಮ್ಮೆ ಭ್ರೂಣವಿತ್ತು, ಭತ್ತವನ್ನು ಬಿತ್ತಿದ್ದರೆ ಮೊಳಕೆ ಹೊರಡುತ್ತಿದ್ದುದು ಅಲ್ಲಿಂದಲೇ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಕಳೆದ ವಾರ ಪಾಲಿಶ್ ಮಾಡದ ಅಕ್ಕಿ, ದಿನಬಳಕೆಯ ಸೋನಾ ಮಸೂರಿ ಮತ್ತು ಊರಿನಿಂದ ತಂದ ಕುಚ್ಚಲಕ್ಕಿಯನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ ಭೂತಗನ್ನಡಿಯಲ್ಲಿ ನೋಡಿದೆ. ಪಾಲಿಶ್ ಆಗದ ಕಾಳಿನಲ್ಲಿ ಆ ಜಾಗದಲ್ಲಿ ಮಂದ ಬಿಳಿಯ ಚುಕ್ಕೆಯೊಂದು ಇನ್ನೂ ಕೂತಿತ್ತು. ಸೋನಾ ಮಸೂರಿಯಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಉಮಿ. ಅದನ್ನು ತೆಗೆದರೆ ಉಳಿಯುವ ಕಂದು ಅಕ್ಕಿಯ ತೂಕದಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಹೊರಪದರಗಳು ಮತ್ತು ಭ್ರೂಣ. ಮಿಲ್ಲಿನಲ್ಲಿ ತೌಡಾಗಿ ಉದುರುವುದು ಇದೇ. ಉಳಿದುದೆಲ್ಲ ಪಿಷ್ಟ ತುಂಬಿದ ಬಿಳಿಯ ತಿರುಳು. ಆದರೆ ಕಾಳಿನ ಎಣ್ಣೆ, ನಾರು, ಬಿ1 ಜೀವಸತ್ವ ಮತ್ತು ಕಬ್ಬಿಣದ ಬಹುಪಾಲು ಸೇರಿಕೊಂಡಿರುವುದು ಆ ಹತ್ತರಲ್ಲೊಂದು ಪಾಲಿನಲ್ಲಿಯೇ. ಕೆಂಪಕ್ಕಿಯ ಕೆಂಪೂ ಆ ಹೊರಪದರದ್ದೇ. ಹಾಗೆಂದು ಪಾಲಿಶ್ ಮಾಡಿದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಹೋಗುವುದಿಲ್ಲ. ಪ್ರೋಟೀನು ಶೇ. 8ರ ಆಸುಪಾಸಿನಿಂದ 7ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ. ಸತು ತಿರುಳಿನೊಳಗೂ ಹರಡಿಕೊಂಡಿರುವುದರಿಂದ ಕಬ್ಬಿಣದಷ್ಟು ನಷ್ಟವಾಗುವುದಿಲ್ಲ. ಆದ್ದರಿಂದ ‘ಪಾಲಿಶ್ ಮಾಡಿದರೆ ಸತ್ವವೆಲ್ಲ ಹೋಯಿತು’ ಎಂಬ ಮಾತು ನನಗೆ ಅರ್ಧ ಸತ್ಯವೆನಿಸುತ್ತದೆ.

ಹೆಚ್ಚು ಪೆಟ್ಟು ಬೀಳುವುದು ಬಿ1ಕ್ಕೆ, ಅಂದರೆ ಥಯಾಮಿನ್‌ಗೆ. 1890ರ ದಶಕದಲ್ಲಿ ಜಾವಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನೇ ತಿಂದು ಕಾಲು ಸೋತು ಬಿದ್ದ ಕೋಳಿಗಳು ಪಾಲಿಶ್ ಇಲ್ಲದ ಅಕ್ಕಿ ಸಿಕ್ಕೊಡನೆ ಚೇತರಿಸಿಕೊಂಡದ್ದನ್ನು ಗಮನಿಸಿದ್ದು ಈ ಕಥೆಯ ಮೊದಲ ಎಳೆ. ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಹುಟ್ಟಿದ್ದೂ 1918ರಲ್ಲಿ ಕೂನೂರಿನಲ್ಲಿ, ಬಿ1 ಕೊರತೆಯ ಕಾಯಿಲೆಯಾದ ಬೆರಿಬೆರಿಯ ಅಧ್ಯಯನಕ್ಕಾಗಿಯೇ. ಆ ಸಂಸ್ಥೆಯ ಹಳೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಮಿಲ್ಲಿನ ಬೆಳ್ತಿಗೆ ಅಕ್ಕಿಯಲ್ಲಿ, ಅಂದರೆ ಭತ್ತವನ್ನು ಬೇಯಿಸದೆ ಮಾಡಿದ ಅಕ್ಕಿಯಲ್ಲಿ, ಥಯಾಮಿನ್ 0.06 ಮಿಲಿಗ್ರಾಂ, ಒನಕೆಯಲ್ಲಿ ಕುಟ್ಟಿದ ಬೆಳ್ತಿಗೆಯಲ್ಲಿ 0.21. ಮಿಲ್ಲಿಗೇ ಹೋಗಿಬಂದ ಕುಚ್ಚಲಕ್ಕಿಯಲ್ಲಿ ಎಷ್ಟು? ಅಲ್ಲಿಯೂ 0.21!

ಇದಕ್ಕೆ ಕಾರಣ ಮಿಲ್ಲಿಗೆ ಹೋಗುವ ಮೊದಲೇ ನಡೆದಿರುತ್ತದೆ. ಉಮಿಯೊಂದಿಗೇ ಇರುವ ಭತ್ತವನ್ನು ನೆನೆಸಿ ಹಂಡೆಯಲ್ಲಿ ಬೇಯಿಸುವಾಗ, ನೀರಿನಲ್ಲಿ ಕರಗುವ ಬಿ ಜೀವಸತ್ವಗಳು ಹೊರಪದರದಿಂದ ತಿರುಳಿನ ಕಡೆಗೆ ಇಳಿಯುತ್ತವೆ. ಪಿಷ್ಟ ಉಬ್ಬಿ, ಅಂಟಾಗಿ, ಒಣಗಿದ ಮೇಲೆ ಅವುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಭೂತಗನ್ನಡಿಯಲ್ಲಿ ಕುಚ್ಚಲಕ್ಕಿ ಗಾಜಿನಂತೆ, ತುಸು ಹಳದಿಯಾಗಿ ಕಂಡದ್ದು ಇದರಿಂದಲೇ. ಕಾಳು ಗಟ್ಟಿಯಾಗುವುದರಿಂದ ನುಚ್ಚೂ ಕಡಿಮೆ. ಚಿಕ್ಕಂದಿನಲ್ಲಿ ಬೆಂದ ಭತ್ತವನ್ನು ಅಂಗಳದಲ್ಲಿ ಹರಡಿದಾಗ ಕಾಗೆ ಓಡಿಸುವ ಕೆಲಸ ನನ್ನದಾಗಿತ್ತು. ಏನನ್ನು ಕಾಯುತ್ತಿದ್ದೇನೆಂಬುದು ಆಗ ತಿಳಿದಿರಲಿಲ್ಲ.

ಕಂದು ಅಕ್ಕಿಯೇ ಸರ್ವಶ್ರೇಷ್ಠವೆಂದು ಹೇಳಲು ನನಗೆ ಮನಸ್ಸಿಲ್ಲ. ಅದರ ಹೊರಪದರದಲ್ಲಿ ಕಬ್ಬಿಣದ ಜೊತೆಗೇ ಫೈಟೇಟ್ ಎಂಬ ರಾಸಾಯನಿಕವೂ ಇದ್ದು, ಕಬ್ಬಿಣವನ್ನು ದೇಹ ಪೂರ್ತಿಯಾಗಿ ಹೀರದಂತೆ ತಡೆಯುತ್ತದೆ. ತೌಡಿನ ಎಣ್ಣೆ ಬೇಗ ಕಮಟುವುದರಿಂದ ತಿಂಗಳುಗಟ್ಟಲೆ ಡಬ್ಬಿಯಲ್ಲಿಡುವವರಿಗೆ ಅದು ಒಗ್ಗುವುದಿಲ್ಲ. ಇನ್ನು ನಾಲ್ಕು ಸಲ ಉಜ್ಜಿ ತೊಳೆದು, ಬೆಂದ ಮೇಲೆ ತಿಳಿಯನ್ನೂ ಬಸಿದು ಚೆಲ್ಲಿದರೆ, ಯಾವ ಅಕ್ಕಿಯೇ ಆದರೂ ಉಳಿದ ಥಯಾಮಿನ್‌ನಲ್ಲಿ ಒಂದಷ್ಟು ನೀರುಪಾಲು. ಗಂಜಿ ಊಟದಲ್ಲಿ ತಿಳಿ ಚೆಲ್ಲುವ ನಷ್ಟವಿಲ್ಲ.

ಇತ್ತೀಚಿನ ವರ್ಷಗಳಲ್ಲಿ ರೇಷನ್ ಅಕ್ಕಿಯಲ್ಲಿ ನೂರಕ್ಕೆ ಒಂದರಂತೆ, ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12 ಬೆರೆಸಿದ ಅಕ್ಕಿಹಿಟ್ಟಿನಿಂದ ಯಂತ್ರದಲ್ಲಿ ಒತ್ತಿ ಮಾಡಿದ ಕಾಳುಗಳು ಬರುತ್ತಿದ್ದವು. ನಮ್ಮ ಪಕ್ಕದ ಮನೆಯ ಅಜ್ಜಿ ಅವು ಪ್ಲಾಸ್ಟಿಕ್ ಎಂದು ಒಂದೊಂದಾಗಿ ಆರಿಸಿ ಹೊರಗೆ ಎಸೆಯುತ್ತಿದ್ದರು. ನಾನೂ ಒಂದನ್ನು ತೆಗೆದು ಭೂತಗನ್ನಡಿಯಡಿ ಇಟ್ಟು ನೋಡಿದೆ. ಅದರ ಎರಡೂ ತುದಿ ನಯವಾಗಿದ್ದವು. ಭ್ರೂಣವೇ ಇಲ್ಲದ ಕಾಳಿಗೆ ಕಚ್ಚು ಎಲ್ಲಿಂದ ಬರಬೇಕು?