ಕಲಬುರಗಿಯಿಂದ ಬರ್ಲಿನ್‌ಗೆ ಓದಲು ಹೊರಟವರಿಗೆ

ಟಿಕೆಟ್ ಮೇಲಿನ ತಾರೀಖನ್ನು ಎರಡು ಸಲ ಓದಿ. ಗಲ್ಫ್‌ನಲ್ಲಿ ವಿಮಾನ ಬದಲಿಸಿ ಹೋಗುವವರಿಗೆ ಇದು ಮುಖ್ಯ: ಹೈದರಾಬಾದಿನಿಂದ ಆ ಕಡೆ ಹೋಗುವ ಬಹಳಷ್ಟು ವಿಮಾನಗಳು ನಸುಕಿನ ಮೂರು–ನಾಲ್ಕು ಗಂಟೆಗೆ ಹೊರಡುತ್ತವೆ. 12ನೇ ತಾರೀಖು 3:40 ಎಂದಿದ್ದರೆ 11ರ ರಾತ್ರಿ ಹನ್ನೆರಡರೊಳಗೆ ಶಂಷಾಬಾದ್ ವಿಮಾನ ನಿಲ್ದಾಣ ಮುಟ್ಟಿರಬೇಕು, ಅಂದರೆ ಕಲಬುರಗಿ ಬಿಡುವುದು 11ರ ಮಧ್ಯಾಹ್ನ. ಇದನ್ನು 12ರ ರಾತ್ರಿ ಎಂದುಕೊಂಡು ರೈಲು ಬುಕ್ ಮಾಡಿ ವಿಮಾನ ತಪ್ಪಿಸಿಕೊಂಡವರಿದ್ದಾರೆ.

ಖಾಸಗಿ ಸ್ಲೀಪರ್ ಬಸ್ಸನ್ನು ಈ ಒಂದು ಪ್ರಯಾಣಕ್ಕೆ ನಂಬಬೇಡಿ. ಬುಕಿಂಗ್ ಮಾಡುವಾಗ 'ಏರ್‌ಪೋರ್ಟಿಗೇ ಬಿಡ್ತೀವಿ' ಅನ್ನುತ್ತಾರೆ. ಸೀಟು ತುಂಬುವ ತನಕ ಹುಮನಾಬಾದಿನಲ್ಲಿ ಮುಕ್ಕಾಲು ತಾಸು ನಿಲ್ಲಿಸುತ್ತಾರೆ. ಡಿಕ್ಕಿಗೆ ಹಾಕಿದ ಎರಡು ಸೂಟ್‌ಕೇಸಿಗೆ ಚೀಟಿ ಇಲ್ಲದೆ ಬಾಯಿಗೆ ಬಂದಷ್ಟು ಕೇಳುತ್ತಾರೆ. ಕೊನೆಗೆ ಆರಾಂಘರ್ ಚೌಕದಲ್ಲಿ ಇಳಿಸಿ 'ಇಲ್ಲಿಂದ ಹತ್ರಾನೇ' ಎಂದು ಹೊರಟುಹೋಗುತ್ತಾರೆ. ಅಲ್ಲಿಂದ ಟರ್ಮಿನಲ್ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ, ಆ ಹೊತ್ತಿನಲ್ಲಿ ನಿಂತಿರುವ ಆಟೋದವರು ನಿಮ್ಮ ಸಾಮಾನು ನೋಡಿಯೇ ದರ ಹೇಳುತ್ತಾರೆ. ಸರ್ಕಾರಿ ಬಸ್ಸಿನಲ್ಲಿ ಲಗೇಜಿಗೂ ಚೀಟಿ ಸಿಗುತ್ತದೆ. ಹುಮನಾಬಾದ್–ಜಹೀರಾಬಾದ್ ಮಾರ್ಗದ ಬಸ್ಸಾದರೆ ಊರೊಳಗಿನ ಬಸ್ ನಿಲ್ದಾಣದವರೆಗೆ ಹೋಗದೆ ಪಟಾನ್‌ಚೆರುವಿನಲ್ಲೇ ಇಳಿದು ಹೊರವರ್ತುಲ ರಸ್ತೆಯಲ್ಲಿ ಕ್ಯಾಬ್ ಹಿಡಿಯಿರಿ.

ನನ್ನ ಕೇಳಿದರೆ ರೈಲೇ ಛಲೋ. ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ಲಿಂಗಂಪಲ್ಲಿ ಬರುತ್ತದೆ. ಸಿಕಂದರಾಬಾದಿಗೋ ನಾಂಪಲ್ಲಿಗೋ ಹೋಗಿ ಇಡೀ ನಗರವನ್ನು ಅಡ್ಡ ಹಾಯುವುದು ಯಾಕೆ? ಲಿಂಗಂಪಲ್ಲಿಯಲ್ಲಿ ಇಳಿದರೆ ಗಚ್ಚಿಬೌಲಿ ಮೇಲೆ ಹೊರವರ್ತುಲ ರಸ್ತೆ ಹಿಡಿಯಬಹುದು. ವಿಮಾನ ನಿಲ್ದಾಣದ ಪುಷ್ಪಕ್ ಬಸ್ಸುಗಳೂ ಗಚ್ಚಿಬೌಲಿ ಮೂಲಕ ಹೋಗುತ್ತವೆ. ಸಂಜೆ ಏಳೆಂಟಕ್ಕೆ ಲಿಂಗಂಪಲ್ಲಿ ಮುಟ್ಟುವ ರೈಲು ನೋಡಿಕೊಳ್ಳಿ. ಎರಡು ತಾಸು ತಡವಾದರೂ ಆತಂಕವಿಲ್ಲ.

ಬುತ್ತಿಯ ವಿಷಯಕ್ಕೆ ಬರೋಣ. ಖಡಕ್ ರೊಟ್ಟಿಯಷ್ಟು ದೂರ ಪ್ರಯಾಣಕ್ಕೆ ಒದಗುವ ಊಟ ಇನ್ನೊಂದಿಲ್ಲ, ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬರ್ಲಿನ್ ಮುಟ್ಟುವುದು ಪುಡಿ. ಮೊದಲು ಅಗಲವಾದ ಸ್ಟೀಲ್ ಡಬ್ಬಿ ಕೊಂಡು, ಅದರ ಅಳತೆಯನ್ನು ರೊಟ್ಟಿ ಬಡಿಯುವವರಿಗೆ ಕೊಟ್ಟು ಸಣ್ಣದಾಗಿ ಬಡಿಸಿ. ಹಂಚಿನ ಮೇಲೆ ಪೂರ್ತಿ ಒಣಗಿರಬೇಕು. ನಡುವೆ ಸ್ವಲ್ಪ ಮೆತ್ತಗಿದ್ದರೂ ಬೂಸ್ಟು ಹಿಡಿಯುತ್ತದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಈ ಚಟ್ನಿಪುಡಿಗಳನ್ನು ಧಾರಾಳವಾಗಿ ಒಯ್ಯಿರಿ. ಒಣ ಕೊಬ್ಬರಿ ಬಟ್ಟಲು ಮಾತ್ರ ಬೇಡ: ಎಣ್ಣೆಯಂಶದಿಂದ ಬೆಂಕಿ ಹತ್ತುವ ವಸ್ತುವೆಂದು 2022ರಿಂದ ಚೆಕ್-ಇನ್ ಬ್ಯಾಗಿನಲ್ಲೂ ಬಿಡುವುದಿಲ್ಲ. ತುಪ್ಪ, ಪೇಢೆ, ಖವಾ ಮನೆಯಲ್ಲೇ ಬಿಡಿ. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವಿನ ಸೊಪ್ಪೂ ಬೇಡ. ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿನಲ್ಲಿರಲಿ, ಪವರ್ ಬ್ಯಾಂಕ್ ಮತ್ತು ಕಾಗದಪತ್ರಗಳು ಕೈಚೀಲದಲ್ಲಿ. ಒಂದೇ ಪಿಎನ್‌ಆರ್‌ನ ಟಿಕೆಟ್ ತೆಗೆದುಕೊಂಡಿದ್ದರೆ ನಡುವೆ ಬ್ಯಾಗಿನ ಚಿಂತೆಯಿಲ್ಲ.

ಬರ್ಲಿನ್‌ನಲ್ಲಿ ಇಳಿದ ಮೊದಲ ಅರ್ಧ ತಾಸಿನಲ್ಲೇ 60 ಯುರೋ ಕಳೆದುಕೊಳ್ಳುವುದು ಸುಲಭ. ಟರ್ಮಿನಲ್ 1ರ ಕೆಳಗೇ ರೈಲು ನಿಲ್ದಾಣವಿದೆ. ನಗರವನ್ನು ಎ, ಬಿ, ಸಿ ಎಂದು ಮೂರು ವಲಯ ಮಾಡಿದ್ದಾರೆ. ವಿಮಾನ ನಿಲ್ದಾಣ ಇರುವುದು ಸಿ ವಲಯದಲ್ಲಿ. ಅಗ್ಗವೆಂದು ಎಬಿ ಟಿಕೆಟ್ ತೆಗೆದರೆ ಅದು ಟಿಕೆಟ್ ಇಲ್ಲದಂತೆಯೇ. ಎಬಿಸಿ ತೆಗೆದುಕೊಳ್ಳಿ, ಅದೇ ಟಿಕೆಟ್ ನಗರದ ಲೋಕಲ್ ರೈಲಾದ ಎಸ್-ಬಾನ್‌ಗೂ ವೇಗದ ಪ್ರಾದೇಶಿಕ ರೈಲಿಗೂ ನಡೆಯುತ್ತದೆ. ಇನ್ನೊಂದು ಹೆಜ್ಜೆ ಬಾಕಿ ಇದೆ: ಯಂತ್ರದಿಂದ ಬಂದ ಕಾಗದದ ಟಿಕೆಟನ್ನು ಪ್ಲಾಟ್‌ಫಾರ್ಮಿನ ಸಣ್ಣ ಪೆಟ್ಟಿಗೆಯ ಸೀಳಿನಲ್ಲಿ ತೂರಿಸಿ ಸಮಯದ ಮುದ್ರೆ ಒತ್ತಿಸಬೇಕು. ಮುದ್ರೆ ಇಲ್ಲದಿದ್ದರೆ ದುಡ್ಡು ಕೊಟ್ಟಿದ್ದರೂ ಆ 60 ಯುರೋ ದಂಡ. ತಪಾಸಣೆಯವರು ಎಷ್ಟೋ ಸಲ ಸಾಮಾನ್ಯ ಬಟ್ಟೆಯಲ್ಲೇ ಇರುತ್ತಾರೆ, ಹೊಸಬ ಎಂಬ ಮಾತು ಕೇಳುವುದಿಲ್ಲ. ಅನೇಕ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಶುಲ್ಕದಲ್ಲೇ ಪ್ರಯಾಣದ ಪಾಸ್ ಸೇರಿರುತ್ತದೆ, ಆದರೆ ಚಳಿಗಾಲದ ಸೆಮಿಸ್ಟರ್ ಶುರುವಾಗುವುದು ಅಕ್ಟೋಬರ್ 1ಕ್ಕೆ. ಸೆಪ್ಟೆಂಬರಿನಲ್ಲಿ ಬಂದವರು ತಮ್ಮ ಕೈಯಿಂದಲೇ ಕೊಡಬೇಕು.

ಕೋಣೆ ಹುಡುಕುವಾಗ ಮೂರು ಮಾತು ಬರವಣಿಗೆಯಲ್ಲಿ ಕೇಳಿ. ಹೇಳಿದ ಬಾಡಿಗೆ ಕಾಲ್ಟ್‌ಮೀಟೆಯೋ ವಾರ್ಮ್‌ಮೀಟೆಯೋ, ಅಂದರೆ ಹೀಟಿಂಗ್, ನೀರು, ನಿರ್ವಹಣೆ ಬಿಟ್ಟೋ ಸೇರಿಸಿಯೋ? ಲಿಫ್ಟ್ ಇದೆಯೇ? ಹಳೆಯ ಕಟ್ಟಡಗಳಲ್ಲಿ ನಾಲ್ಕನೇ ಮಹಡಿಗೂ ಮೆಟ್ಟಿಲೇ ಗತಿ, ನಿಮ್ಮ ಕೈಯಲ್ಲಿ 23 ಕಿಲೋದ ಎರಡು ಪೆಟ್ಟಿಗೆ. ಆ ವಿಳಾಸದಲ್ಲಿ ಅನ್ಮೆಲ್ಡುಂಗ್, ಅಂದರೆ ನಿವಾಸ ನೋಂದಣಿ, ಆಗುತ್ತದೆಯೇ? 'ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಠೇವಣಿ ಕಳಿಸಿ, ಕೀಲಿ ಕೊರಿಯರ್‌ನಲ್ಲಿ ಬರುತ್ತೆ' ಎಂದರೆ ಅದು ಮೋಸವೇ. ಕಾನೂನಿನ ಪ್ರಕಾರ ಠೇವಣಿ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚಿರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಬ್ಲಾಕ್ಡ್ ಖಾತೆಯಲ್ಲಿ, ಅಂದರೆ ವೀಸಾಕ್ಕಾಗಿ ಖರ್ಚಿನ ಹಣವನ್ನು ಮುಂಗಡವಾಗಿ ಕಟ್ಟುವ ಖಾತೆಯಲ್ಲಿ, ಇಟ್ಟ ದುಡ್ಡು ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲಷ್ಟೇ ತಿಂಗಳು ತಿಂಗಳು ಬರುತ್ತದೆ. ಹಾಗಾಗಿ ಮೊದಲ ತಿಂಗಳ ಬಾಡಿಗೆ, ಠೇವಣಿ, ಊಟದ ದುಡ್ಡು ಬೇರೆಯೇ ಇರಲಿ. ಒಟಿಪಿಗಾಗಿ ಊರಿನ ಸಿಮ್ ಚಾಲ್ತಿಯಲ್ಲಿಡಿ.

ಊಟಕ್ಕೆ ವಿದ್ಯಾರ್ಥಿಗಳ ಭೋಜನಶಾಲೆಯಾದ ಮೆನ್ಜಾಕ್ಕಿಂತ ಒಳ್ಳೆಯ ಜಾಗ ಈ ನಗರದಲ್ಲಿಲ್ಲ. ಶಾಕಾಹಾರಿಗಳು ಬರೀ ಬ್ರೆಡ್ಡು ತಿಂದು ಬದುಕಬೇಕು ಎಂದು ಮನೆಯವರು ಹೆದರುತ್ತಾರೆ. ಬರ್ಲಿನ್‌ನ ಮೆನ್ಜಾಗಳಲ್ಲಿ 2021ರಿಂದ ಬಹುಪಾಲು ಅಡುಗೆ ಶಾಕಾಹಾರವೇ, ಅದರಲ್ಲೂ ಹೆಚ್ಚಿನದು ಹಾಲೂ ಇಲ್ಲದ್ದು. ಆಲೂಗಡ್ಡೆ, ಬೇಳೆಯ ಸೂಪು, ಬೇಯಿಸಿದ ತರಕಾರಿ, ಅನ್ನ, ಎಲ್ಲವನ್ನೂ ಬೇರೆ ಬೇರೆ ಬಟ್ಟಲಲ್ಲಿ ಆರಿಸಿಕೊಳ್ಳಬಹುದು. ಪ್ರತಿಯೊಂದಕ್ಕೂ ಬೇರೆ ಬೆಲೆ. ವಿದ್ಯಾರ್ಥಿ, ನೌಕರ, ಹೊರಗಿನವರು ಎಂದು ಮೂರು ದರಗಳಿವೆ, ಹಾಗಾಗಿ ವಿದ್ಯಾರ್ಥಿ ಕಾರ್ಡ್ ಆದಷ್ಟು ಬೇಗ ಮಾಡಿಸಿ. ಖಾರ ಇರುವುದಿಲ್ಲ. ಹಿಂಡಿಯ ಸಣ್ಣ ಡಬ್ಬಿ ಚೀಲದಲ್ಲಿರಲಿ. ಬೇಳೆಯ ಸೂಪಿಗೆ ಎರಡು ಚಮಚ ಶೇಂಗಾ ಹಿಂಡಿ ಬೆರೆಸಿ, ರೊಟ್ಟಿ ಮುರಿದು ಹಾಕಿದರೆ ಹೊಟ್ಟೆ ತುಂಬಿದ ಊಟ. ಮಧ್ಯಾಹ್ನ ಹನ್ನೆರಡೂವರೆಯ ನೂಕುನುಗ್ಗಲು ತಪ್ಪಿಸಿ ಸ್ವಲ್ಪ ಮೊದಲೇ ಹೋಗಿ.

ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆ ಇಳಿದವರು ನೇರ ಅಂಗಡಿಗೆ ಹೋಗಿ ಅಕ್ಕಿ, ಹಾಲು ತಂದಿಟ್ಟುಕೊಳ್ಳಿ. ಮರೆತರೆ ಮುಖ್ಯ ರೈಲು ನಿಲ್ದಾಣದಂಥ ದೊಡ್ಡ ನಿಲ್ದಾಣಗಳೊಳಗಿನ ಅಂಗಡಿಗಳೇ ಗತಿ. ನಲ್ಲಿ ನೀರು ಕುಡಿಯಬಹುದು. ಬಾಟಲಿ ಕೊಂಡರೆ ಎಸೆಯಬೇಡಿ, ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಸೇರಿರುತ್ತದೆ. ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್ ಬರುತ್ತದೆ.

ಮನೆ ಸೇರಿದ 14 ದಿನದೊಳಗೆ ನೋಂದಣಿ ಆಗಬೇಕು. ಮನೆ ಮಾಲೀಕರು ಸಹಿ ಮಾಡಿದ ವಾಸದ ದೃಢೀಕರಣ ಪತ್ರ, ಪಾಸ್‌ಪೋರ್ಟ್ ಬೇಕು. ನಿಮ್ಮ ಬಡಾವಣೆಯ ಕಚೇರಿಯಲ್ಲಿ ದಿನ ಸಿಗದಿದ್ದರೆ ಬರ್ಲಿನ್‌ನ ಯಾವ ಬ್ಯುರ್ಗರ್‌ಆಮ್ಟ್‌ಗಾದರೂ, ಅಂದರೆ ನಾಗರಿಕ ಸೇವಾ ಕಚೇರಿಗಾದರೂ, ಹೋಗಬಹುದು. ರದ್ದಾದ ಸಮಯಗಳು ಜಾಲತಾಣದಲ್ಲಿ ಮತ್ತೆ ಕಾಣಿಸುತ್ತವೆ, ಬೆಳಗ್ಗೆ ಬೆಳಗ್ಗೆ ನೋಡುತ್ತಿರಿ.

ಕೋಣೆಗೆ ಕಾಲಿಟ್ಟ ದಿನವೇ ಮಾಡಬೇಕಾದ ಕೆಲಸ ಇನ್ನೊಂದಿದೆ. ಇಲ್ಲಿನ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮನೆ ನಂಬರ್ ಇರುವುದಿಲ್ಲ. ಕರೆಗಂಟೆಯ ಮೇಲೂ ಅಂಚೆ ಪೆಟ್ಟಿಗೆಯ ಮೇಲೂ ಇರುವುದು ಬರೀ ಹೆಸರು. ಅಂಚೆಯವರು ಹೆಸರು ನೋಡಿ ಹಾಕುತ್ತಾರೆ, ಕಾಣದಿದ್ದರೆ ಪತ್ರ ವಾಪಸ್. ಬ್ಯಾಂಕ್ ಕಾರ್ಡು, ಅದರ ಪಿನ್, ವಿಮೆಯ ಕಾಗದ, ತೆರಿಗೆ ಸಂಖ್ಯೆ ಎಲ್ಲ ಅಂಚೆಯಲ್ಲೇ ಬರುವಂಥವು. ಪಾಸ್‌ಪೋರ್ಟಿನಲ್ಲಿ ಇರುವ ಅಕ್ಷರಗಳಲ್ಲೇ ನಿಮ್ಮ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ಮಾಲೀಕರಿಗೆ ಹೇಳಿ, ಪೆಟ್ಟಿಗೆಯ ಮೇಲೆ ಪಾರದರ್ಶಕ ಟೇಪಿನಿಂದ ಅಂಟಿಸಿ. ಟೇಪಿನ ಸುರುಳಿಯನ್ನು ಊರಿನಿಂದಲೇ ತನ್ನಿ, ಇಳಿದ ದಿನ ಭಾನುವಾರವಾದರೆ ಕೊಳ್ಳಲು ಸಿಗುವುದು ಕಷ್ಟ.