ಹಿರಿಯರ ಬಡಾವಣೆಯ ಎರಡನೇ ಹಂತ: ಮನೆಗಿಂತ ಮೊದಲು ಧರೆ, ಬಾವಿ, ಅಡುಗೆಮನೆ ನೋಡಿ

ಮಂಗಳೂರು, ಉಡುಪಿ ಕಡೆ ನಿವೃತ್ತರಿಗೆಂದೇ ಕಟ್ಟುವ ಬಡಾವಣೆಗಳಲ್ಲಿ ಮೊದಲ ಹಂತ ತುಂಬುತ್ತಾ ಬಂದ ಹಾಗೆ ಎರಡನೆಯದರ ಬೋರ್ಡು ಬೀಳುತ್ತದೆ. ನೋಡಲು ಹೋದವರಿಗೆ ತೋರಿಸುವುದು ಮಾತ್ರ ಮೊದಲ ಹಂತವನ್ನೇ. ಬೆಳೆದ ಮರಗಳು, ಜಗಲಿಯಲ್ಲಿ ಪೇಪರ್ ಓದುತ್ತಾ ಕೂತ ಹಿರಿಯರು, ಬಿಸಿ ಊಟ. ದುಡ್ಡು ಕೊಡಬೇಕಾದ್ದು ಇನ್ನೂ ಜೆಸಿಬಿ ಓಡಾಡುತ್ತಿರುವ ಜಾಗಕ್ಕೆ. ಮನೆಗಳ ಸಂಖ್ಯೆ ಅರುವತ್ತಿದ್ದದ್ದು ನೂರಿಪ್ಪತ್ತಾಗುತ್ತದೆ, ಆದರೆ ಬಾವಿ, ಅಡುಗೆಮನೆ, ರಾತ್ರಿಪಾಳಿಯ ನರ್ಸ್, ಆಂಬುಲೆನ್ಸ್ ಮೊದಲಿದ್ದಷ್ಟೇ ಇರುತ್ತವೆ. ಹೊಸ ಹಂತದ ತಾಪತ್ರಯಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲಿಂದ. ಉಳಿದ ಕಾಲು ಪಾಲು ಜಾಗದ್ದು, ಮೊದಲು ಅದನ್ನೇ ನೋಡುವ.

ನಮ್ಮಲ್ಲಿ ಹತ್ತಿಪ್ಪತ್ತು ಎಕ್ರೆ ಒಟ್ಟಿಗೆ ಸಿಗುವುದು ಗುಡ್ಡೆಯ ಮೇಲೆ. ವಾಮಂಜೂರು, ಕೈಕಂಬದತ್ತ ಹೋಗಲಿ, ದೇರಳಕಟ್ಟೆ ದಾಟಿ ಮುಡಿಪುವಿನತ್ತ ಹೋಗಲಿ, ಮಣಿಪಾಲದಿಂದ ಹಿರಿಯಡ್ಕದತ್ತ ಹೋಗಲಿ, ಎಲ್ಲ ಕಡೆ ಇದೇ. ಗುಡ್ಡೆಯ ನೆತ್ತಿಯಲ್ಲಿರುವ ಸಮತಟ್ಟಾದ ಪಾದೆಯಲ್ಲಿ, ಅಂದರೆ ಕಲ್ಲಿನ ಬಯಲಿನಲ್ಲಿ, ಮೊದಲ ಹಂತ ಏಳುತ್ತದೆ. ಎರಡನೆಯದಕ್ಕೆ ಉಳಿಯುವುದು ಇಳಿಜಾರು. ಮೇಲಿನ ಬದಿ ಕಡಿದು, ಆ ಮಣ್ಣನ್ನೇ ಕೆಳಗಿನ ಬದಿಗೆ ತುಂಬಿ, ಮೆಟ್ಟಿಲು ಮೆಟ್ಟಿಲಾಗಿ ಸೈಟು ಮಾಡುತ್ತಾರೆ. ಮೇಲ್ಪದರದ ಮುರಕಲ್ಲು, ಅಂದರೆ ಕೆಂಪುಕಲ್ಲು, ಗಟ್ಟಿ. ಅದರಡಿ ಇರುವುದು ಶೇಡಿ ಮಣ್ಣು. ಬೇಸಿಗೆಯಲ್ಲಿ ಪಿಕ್ಕಾಸು ಹಾಕಿದರೂ ಜಗ್ಗದ ಈ ಮಣ್ಣು ನೀರು ಕುಡಿಯಿತೆಂದರೆ ಕೆಸರಾಗಿ ಜಾರುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿನ ಆಚೀಚೆ ಮಳೆ ಬೀಳುವ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುವ ಊರಿದು. ಧರೆ, ಅಂದರೆ ಹೀಗೆ ಕಡಿದ ಗುಡ್ಡೆಯ ಬದಿ, ಜರಿದ ಸುದ್ದಿ ಪ್ರತಿ ಮಳೆಗಾಲ ಪೇಪರಿನಲ್ಲಿ ಬರುವುದು ಸುಮ್ಮನೆ ಅಲ್ಲ.

ಹಾಗಾಗಿ ಮಾದರಿ ಮನೆಯ ಒಳಗೆ ಹೋಗುವ ಮೊದಲು ಅದರ ಹಿತ್ತಿಲಿಗೆ ಹೋಗಿ ಧರೆಯ ಬಣ್ಣ ನೋಡಿ. ಮೇಲಿಂದ ಕೆಳಗಿನವರೆಗೂ ತೂತುತೂತಾದ ಕೆಂಪು ಮುರಕಲ್ಲೇ ಇದ್ದರೆ ಸ್ವಲ್ಪ ಸಮಾಧಾನ. ಕೆಳಗೆ ಬಿಳಿ, ಹಳದಿ, ನಸುಗುಲಾಬಿ ಪಟ್ಟೆ ಕಂಡರೆ ಅದು ಶೇಡಿ. ಅಲ್ಲಿ ಬರೀ ಕೆಂಪುಕಲ್ಲಿನ ಪಾಗಾರ ಸಾಲದು, ಎಂಜಿನಿಯರ್ ಲೆಕ್ಕ ಹಾಕಿದ ತಡೆಗೋಡೆಯೇ ಬೇಕು. ತಡೆಗೋಡೆಯಲ್ಲಿ ಮೀಟರು, ಒಂದೂವರೆ ಮೀಟರಿಗೊಂದರಂತೆ ನೀರು ಹೊರಬರುವ ಪೈಪು ಇರಬೇಕು, ಅದರ ಹಿಂದೆ ಜಲ್ಲಿ ತುಂಬಿರಬೇಕು. ಜುಲೈಯಲ್ಲಿ ಹೋದರೆ ಪರೀಕ್ಷೆ ಸುಲಭ: ಪೈಪಿನಿಂದ ನೀರು ಒಸರುತ್ತಿದ್ದರೆ ಒಳ್ಳೆಯದು. ಗೋಡೆಯೆಲ್ಲ ಒದ್ದೆ, ಪೈಪು ಮಾತ್ರ ಒಣ ಎಂದಾದರೆ ಹಿಂದೆ ಕಟ್ಟಿಕೊಂಡಿದೆ ಎಂದರ್ಥ. ನೀರಿನ ಒತ್ತಡ ಗೋಡೆಯನ್ನು ಮುಂದಕ್ಕೆ ದೂಡುತ್ತಿರುತ್ತದೆ. ಧರೆಯ ನೆತ್ತಿಯಲ್ಲಿ ಮೇಲಿನ ನೀರನ್ನು ಆಚೆ ತಿರುಗಿಸುವ ಚರಂಡಿ ಉಂಟೇ ಎಂದೂ ನೋಡಿ. ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಧರೆ ಎಷ್ಟು ಎತ್ತರವೋ ಮನೆ ಕನಿಷ್ಠ ಅಷ್ಟು ದೂರ ಇರಲಿ ಎಂಬುದು ನಮ್ಮ ಸಾದಾ ಲೆಕ್ಕ.

ಕೆಳಬದಿಯ ಸೈಟುಗಳ ಕಥೆ ಬೇರೆ. ತುಂಬಿದ ಮಣ್ಣನ್ನು 20ರಿಂದ 30 ಸೆಂಟಿಮೀಟರ್ ಪದರಗಳಲ್ಲಿ ಹರಡಿ, ನೀರು ಹಾಕಿ, ರೋಲರ್ ಓಡಿಸಬೇಕು. ಟಿಪ್ಪರಿನಲ್ಲಿ ತಂದು ಸುರಿದು ಮೇಲೆ ಮಟ್ಟ ಮಾಡಿದ್ದರೆ ಎರಡು ಮೂರು ಮಳೆಗಾಲ ಅದು ಕೂರುತ್ತಲೇ ಇರುತ್ತದೆ. ಅಡಿಪಾಯವನ್ನು ಗಟ್ಟಿ ನೆಲದವರೆಗೆ ಇಳಿಸಿದ್ದರೆ ಮನೆ ನಿಲ್ಲುತ್ತದೆ. ಕೂರುವುದು ಪೋರ್ಟಿಕೊ, ಅಂಗಳದ ಇಂಟರ್‌ಲಾಕ್, ಬಾಗಿಲ ಮುಂದಿನ ಮೆಟ್ಟಿಲು. ಎಪ್ಪತ್ತು ದಾಟಿದವರು ಎಡವುವುದೂ ಅಲ್ಲೇ. "ನನ್ನ ಸೈಟು ಕಡಿದದ್ದೋ, ತುಂಬಿದ್ದೋ?" ಎಂದು ನೇರ ಕೇಳಿ, ಮೂಲ ಗುಡ್ಡೆಯ ಮಟ್ಟ ತೋರಿಸುವ ಸರ್ವೆ ನಕ್ಷೆ ಕೇಳಿ.

ಜಾಗದ ವಿಷಯದಲ್ಲಿ ಇನ್ನೊಂದು ಮಾತು ಕುಮ್ಕಿಯದ್ದು. ವರ್ಗ ಜಾಗಕ್ಕೆ (ಖಾಸಗಿ ಪಟ್ಟಾ ಜಾಗಕ್ಕೆ) ತಾಗಿದ ಕುಮ್ಕಿಯಲ್ಲಿ ವರ್ಗದಾರನಿಗೆ ಸೊಪ್ಪು, ಸೌದೆಯ ಸವಲತ್ತು ಉಂಟೇ ಹೊರತು ಮಾಲಿಕತ್ವ ಇಲ್ಲ, ಜಾಗ ಸರ್ಕಾರದ್ದು. ಬಡಾವಣೆ ಹಿಗ್ಗುವಾಗ ವಾಕಿಂಗ್ ಟ್ರ್ಯಾಕು, ಹಿಂದಿನ ಗೇಟು, ಕೆಲವೊಮ್ಮೆ ಕೊಳಚೆ ನೀರಿನ ಘಟಕವೇ ಕುಮ್ಕಿಗೆ ಕಾಲಿಡುತ್ತದೆ. ಮನೆಯ ಸರ್ವೆ ನಂಬರಿನ ಪಹಣಿ ಮಾತ್ರ ನೋಡಿದರೆ ಇದು ತಿಳಿಯುವುದಿಲ್ಲ. ಸಾಮೂಹಿಕ ಜಾಗಗಳ ಸರ್ವೆ ನಂಬರುಗಳ ಪಹಣಿ, ಭೂಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ವಿನ್ಯಾಸ ನಕ್ಷೆ, ಮೂರನ್ನೂ ಒಟ್ಟಿಗೆ ಹರಡಿ ನಂಬರು ತಾಳೆ ಹಾಕಬೇಕು.

ನೀರಿನ ಲೆಕ್ಕ ನೀವೇ ಮಾಡಬಹುದು. ತಲೆಗೆ ದಿನಕ್ಕೆ 135 ಲೀಟರ್. ಹೊಸ ಹಂತದಲ್ಲಿ ಅರುವತ್ತು ಮನೆ, ಮನೆಗಿಬ್ಬರು ಎಂದರೆ 16,200 ಲೀಟರ್. ಅಡುಗೆಮನೆ, ಬಟ್ಟೆ ಒಗೆತ, ಗಿಡಗಳನ್ನು ಸೇರಿಸಿದರೆ 22ರಿಂದ 24 ಸಾವಿರ. ಆರು ಸಾವಿರ ಲೀಟರಿನ ಟ್ಯಾಂಕರು ದಿನಕ್ಕೆ ನಾಲ್ಕು ಬರಬೇಕು. ಮಂಗಳೂರಿಗೆ ನೀರು ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಬಜೆ ಅಣೆಕಟ್ಟಿನಿಂದ. ಎಪ್ರಿಲ್, ಮೇಯಲ್ಲಿ ಎರಡೂ ಕಡೆ ಹೊಳೆ ಸೊರಗಿದಾಗ ನಗರದೊಳಗೇ ಪಾಳಿ ಹಚ್ಚುತ್ತಾರೆ. ಊರ ಹೊರಗಿನ ಗುಡ್ಡೆಗೆ ಬಾವಿ, ಬೋರೇ ಗತಿ. ಮೊದಲ ಹಂತಕ್ಕೆ ಸಾಕಾಗುತ್ತಿದ್ದ ಬಾವಿ ಎರಡನೆಯದಕ್ಕೂ ಸಾಕು ಎನ್ನುವವರ ಬಳಿ ಕಳೆದ ಮೇ ತಿಂಗಳ ಟ್ಯಾಂಕರ್ ಬಿಲ್ಲು ತೋರಿಸಿ ಎನ್ನಿ. ಬಿಲ್ಲು ಇಲ್ಲ ಎಂದರೆ ಮೊದಲ ಹಂತದವರನ್ನು ಕೇಳಿ, ಅವರಿಗೆ ಬಾಯಿಪಾಠ ಇರುತ್ತದೆ. ನೂರು ಚದರ ಮೀಟರಿನ ಮಾಡಿನಿಂದ ವರ್ಷಕ್ಕೆ ಎರಡೂವರೆ ಲಕ್ಷ ಲೀಟರಿಗೂ ಮಿಕ್ಕಿ ಮಳೆನೀರು ಹಿಡಿಯಬಹುದು, ಆದರೆ ಅದನ್ನು ಮೇಯವರೆಗೆ ಇಡುವ ತೊಟ್ಟಿ ಯಾರೂ ಕಟ್ಟುವುದಿಲ್ಲ. ಬಾವಿಗೆ ಇಂಗಿಸುವುದೊಂದೇ ದಾರಿ.

ಕೊಳಚೆ ನೀರಿನ ಶುದ್ಧೀಕರಣ ಘಟಕದ ತೊಂದರೆ ಇದಕ್ಕೆ ಉಲ್ಟಾ. ಅಲ್ಲಿ ಕಷ್ಟ ಬರುವುದು ಜನ ಕಡಿಮೆ ಇದ್ದಾಗ. ಅರುವತ್ತು ಮನೆಗೆಂದು ಮಾಡಿದ ಘಟಕಕ್ಕೆ ಹತ್ತು ಮನೆಯ ನೀರು ಬಂದರೆ ಕೊಳಕನ್ನು ತಿನ್ನುವ ಬ್ಯಾಕ್ಟೀರಿಯಾಕ್ಕೆ ಆಹಾರ ಸಾಲದೆ ಸಾಯುತ್ತದೆ. ಖರ್ಚು ಉಳಿಸಲು ಗಾಳಿ ಊದುವ ಬ್ಲೋವರನ್ನು ರಾತ್ರಿ ನಿಲ್ಲಿಸಿದರಂತೂ ವಾಸನೆ ಊಟದ ಹಾಲಿನವರೆಗೆ ಬರುತ್ತದೆ. ಘಟಕ ಎರಡು ಭಾಗವಾಗಿದ್ದು, ಮೊದಲ ವರ್ಷಗಳಲ್ಲಿ ಒಂದನ್ನೇ ನಡೆಸುವಂತಿದ್ದರೆ ಒಳ್ಳೆಯದು. ಶುದ್ಧ ಮಾಡಿದ ನೀರು ತೋಟಕ್ಕೆ ಹೋಗುತ್ತದೆ ಎನ್ನುತ್ತಾರೆ. ಜುಲೈಯಲ್ಲಿ ತೋಟಕ್ಕೆ ನೀರು ಯಾರಿಗೆ ಬೇಕು ಮಾರಾಯ್ರೆ? ಆಗ ಅದು ಯಾವ ತೋಡಿಗೆ, ಯಾರ ಬೈಲಿಗೆ ಇಳಿಯುತ್ತದೆ ಎಂದು ನಡೆದು ನೋಡಿ. ಮುರಕಲ್ಲು ಜರಡಿಯಂತಹ ಕಲ್ಲು, ಇಂಗುಗುಂಡಿಯ ನೀರು ಬಾವಿಗೆ ಬರಲು ಹೆಚ್ಚು ದಿನ ಬೇಡ. ಮಳೆ ಹಿಡಿದ ಮೇಲೆ ಒಮ್ಮೆ ಬಾವಿ ನೀರಿನಲ್ಲಿ ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿದ ವರದಿ ಕೇಳುವುದು ಅತಿಯಲ್ಲ.

ಕರೆಂಟಿನ ಬಗ್ಗೆ ಕೇಳಬೇಕಾದ್ದು ಎರಡೇ. ಹೊಸ ಹಂತಕ್ಕೆ ಮೆಸ್ಕಾಂ ಟ್ರಾನ್ಸ್‌ಫಾರ್ಮರ್ ಬೇರೆ ಉಂಟೇ? ಜನರೇಟರಿಗೆ ಬರೀ ದೀಪ, ಫ್ಯಾನು ಸೇರಿದೆಯೇ ಅಥವಾ ಆಕ್ಸಿಜನ್ ಯಂತ್ರ ಓಡುವ ಒಂದು ಪ್ಲಗ್ಗೂ ಸೇರಿದೆಯೇ?

ಇನ್ನು ಅಡುಗೆಮನೆ, ಆಳುಕಾಳು. ಎಂಬತ್ತು ಊಟ ಮಾಡುವ ಅಡುಗೆಮನೆಯಲ್ಲಿ ನೂರೈವತ್ತು ಊಟ ಮಾಡುವುದೆಂದರೆ ಇಬ್ಬರು ಸಹಾಯಕರನ್ನು ಸೇರಿಸಿದರೆ ಮುಗಿಯುವ ಕೆಲಸವಲ್ಲ. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು. ಪಾತ್ರೆ, ಒಲೆ ಅಷ್ಟೇ ಇದ್ದರೆ ಎರಡು ಸರದಿ ಆಗುತ್ತದೆ, ಎರಡನೇ ಸರದಿಯ ಊಟ ಎರಡು ಗಂಟೆಗೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡು ಅಲ್ಲಿಯವರೆಗೆ ಕಾಯುವಂತಿಲ್ಲ. ಹೊಸ ಹಂತದವರಿಗೆ ಕ್ಯಾರಿಯರಿನಲ್ಲಿ ಕಳಿಸುತ್ತೇವೆ ಎನ್ನುತ್ತಾರೆ, ಅದಕ್ಕೆ ದರ ಬೇರೆಯೇ, ಊಟ ಬೇಡವೆಂದ ತಿಂಗಳಿಗೂ ಕನಿಷ್ಠ ದುಡ್ಡು ಕಟ್ಟಬೇಕೇ, ಕೇಳಿಕೊಳ್ಳಿ. ಮೀನಿನ ವಿಷಯವನ್ನೂ ನಾಚದೆ ಕೇಳಿ. ಸಸ್ಯಾಹಾರಿ ಅಡುಗೆಮನೆ ಎಂದಿದ್ದರೆ ನಿಮ್ಮ ಮನೆಯೊಳಗೆ ಬಂಗುಡೆ ಹುರಿಯಬಹುದೇ ಎಂಬುದು ನಿಯಮದ ಪುಸ್ತಕದಲ್ಲಿ ಬರೆದಿರಬೇಕು. ಇಲ್ಲಿ ಮನಸ್ತಾಪ ಆಗುವುದೇ ಇದಕ್ಕೆ.

ಕೆಲಸದವರು ಬರುವುದು ಬಸ್ಸಿನಲ್ಲಿ. ಸ್ಟಾಪಿನಿಂದ ಮೊದಲ ಹಂತಕ್ಕೆ ಐದು ನಿಮಿಷ, ಎರಡನೆಯದಕ್ಕೆ ಇಳಿದು ಹತ್ತುವ ಇಪ್ಪತ್ತು ನಿಮಿಷ ಎಂದಾದರೆ ಮಳೆಗಾಲದಲ್ಲಿ ಹೊಸ ಮನೆಗಳಿಗೆ ಕೆಲಸದವರು ಸಿಗುವುದಿಲ್ಲ. ಕೊನೆಯ ಬಸ್ಸು ಎಷ್ಟಕ್ಕೆ ಎಂದು ಮಾರಾಟದವರನ್ನು ಕೇಳಬೇಡಿ, ಸ್ಟಾಪಿನ ಅಂಗಡಿಯಲ್ಲಿ ಕೇಳಿ.

ರಾತ್ರಿಯ ನರ್ಸ್ ಒಬ್ಬರೇ ಇದ್ದು ಒಂದು ಮನೆಗೆ ಹೋಗಿದ್ದಾಗ ಇನ್ನೊಂದು ಮನೆಯ ಗಂಟೆ ಹೊಡೆದರೆ ಯಾರು ಹೋಗುತ್ತಾರೆ? ಉತ್ತರ "ಸೆಕ್ಯುರಿಟಿ" ಎಂದಾದರೆ ಆ ಕಾವಲಿನವರಿಗೆ ಬಿದ್ದವರನ್ನು ಎತ್ತುವ ತರಬೇತಿ ಆಗಿದೆಯೇ ಎಂಬುದು ಮುಂದಿನ ಪ್ರಶ್ನೆ. ಗುಡ್ಡೆಯ ಆಚೆ ಮಗ್ಗುಲಿಗೆ ಕರೆಗಂಟೆಯ ಸಿಗ್ನಲ್ ತಲುಪದಿರುವುದು ಹೊಸ ಹಂತಗಳ ಮಾಮೂಲು ಕಾಯಿಲೆ, ನಡುವೆ ಸಿಗ್ನಲನ್ನು ಮುಂದಕ್ಕೆ ದಾಟಿಸುವ ರಿಪೀಟರ್ ಬೇಕಾಗುತ್ತದೆ. ಮಾದರಿ ಮನೆಯ ಬಚ್ಚಲಿನಲ್ಲಿ ಗುಂಡಿ ಒತ್ತಿ ಗಡಿಯಾರ ನೋಡಿ. ಐದು ನಿಮಿಷದೊಳಗೆ ಯಾರೂ ಬಾರದಿದ್ದರೆ ಆ ಗುಂಡಿ ಗೋಡೆಯ ಅಲಂಕಾರ. ಆಸ್ಪತ್ರೆಯ ದೂರವನ್ನೂ ಕಿಲೋಮೀಟರಿನಲ್ಲಿ ಅಳೆಯಬೇಡಿ. ಮಣಿಪಾಲದ ಕಸ್ತೂರ್ಬಾಕ್ಕೋ, ಕಂಕನಾಡಿಯ ಫಾದರ್ ಮುಲ್ಲರ್‌ಗೋ ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ ಕಾರು ಓಡಿಸಿ ನೋಡಿ.

ಮನೆಯೊಳಗೆ ನೋಡಬೇಕಾದ್ದು ಬಚ್ಚಲು. ಕೇಂದ್ರದ ವಸತಿ ಮತ್ತು ನಗರ ವ್ಯವಹಾರ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆಂದೇ ಮಾದರಿ ಮಾರ್ಗಸೂಚಿ ತಂದಿದೆ, ಬಿಲ್ಡರ್ ಅದನ್ನು ಪಾಲಿಸಿದ್ದೇನೆಂದು ಬರೆದು ಕೊಡುತ್ತಾರೋ ಕೇಳಿ. ಟೇಪು ಜೊತೆಗಿರಲಿ. ಬಾಗಿಲಿನ ತೆರವು 90 ಸೆಂಟಿಮೀಟರ್, ಬಾಗಿಲು ಹೊರಕ್ಕೆ ತೆರೆಯಬೇಕು ಇಲ್ಲವೇ ಜಾರಬೇಕು. ಒಳಗೆ ಬಿದ್ದವರ ಮೈಗೆ ತಾಗಿ ಬಾಗಿಲು ತೆರೆಯದೇ ಹೋಗುವುದು ಕಥೆಯಲ್ಲ. ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ಅಗಲದ ಖಾಲಿ ಜಾಗ ಬೇಕು. ಕಮೋಡಿನ ಆಸನ ನೆಲದಿಂದ 45ರಿಂದ 48 ಸೆಂಟಿಮೀಟರ್.

ಬಚ್ಚಲಿನಲ್ಲಿ ಕೈ ಊರಲು ಗೋಡೆಗೆ ಹಾಕುವ ಹಿಡಿಕೆಯ ಕಥೆ ಸ್ವಲ್ಪ ಉದ್ದ. ಅದು ಕಳಚಿ ಬರುವುದು ಹಿಡಿಕೆಯ ತಪ್ಪಿನಿಂದಲ್ಲ, ಗೋಡೆಯ ತಪ್ಪಿನಿಂದ. ಮುರಕಲ್ಲಿನಲ್ಲೂ ಟೊಳ್ಳು ಸಿಮೆಂಟ್ ಬ್ಲಾಕಿನಲ್ಲೂ ಬೋಲ್ಟು ಗಟ್ಟಿಯಾಗಿ ಕಚ್ಚುವುದಿಲ್ಲ, ಹೊರಗೆ ಟೈಲ್ಸು ಇರುವುದರಿಂದ ಸಡಿಲಾದದ್ದು ಕಾಣುವುದೂ ಇಲ್ಲ. ಗೋಡೆ ಕಟ್ಟುವಾಗಲೇ ಕಮೋಡಿನ ಪಕ್ಕ, ಎದುರು, ಸ್ನಾನದ ಜಾಗ, ಈ ಮೂರು ಕಡೆ ಕಾಂಕ್ರೀಟ್ ತುಂಬಿಸಬೇಕು. ಹೊಸ ಹಂತದ ಒಂದು ಲಾಭ ಇದೇ: ಗೋಡೆ ಇನ್ನೂ ಏಳುತ್ತಿರುವಾಗ ಹೇಳಿ ಮಾಡಿಸಬಹುದು. ಟೈಲ್ಸು ಹಾಕುವ ಮೊದಲು ಫೋಟೊ ತೆಗೆದಿಡಿ, ಎಲ್ಲಿ ಕಾಂಕ್ರೀಟ್ ಉಂಟು ಎಂದು ಆಮೇಲೆ ಹುಡುಕಬೇಕಾಗಿಲ್ಲ. ಸ್ಟೀಲು 202 ದರ್ಜೆಯದ್ದಾದರೆ ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆ. 304 ಪರವಾಗಿಲ್ಲ, ಸಮುದ್ರ ತೀರಾ ಹತ್ತಿರವಾದರೆ 316.

ಮಳೆನೀರು ಒಳಗೆ ಬಾರದಿರಲೆಂದು ನಮ್ಮಲ್ಲಿ ಪಂಚಾಂಗ, ಅಂದರೆ ಮನೆಯ ತಳಪಾಯ, ಎತ್ತರ ಮಾಡುತ್ತಾರೆ. ಗಾಲಿಕುರ್ಚಿಯ ಇಳಿಜಾರು ಒಂದಕ್ಕೆ ಹನ್ನೆರಡು ಇರಬೇಕಾದ್ದರಿಂದ 45 ಸೆಂಟಿಮೀಟರ್ ಎತ್ತರಕ್ಕೆ 5.4 ಮೀಟರ್, 60ಕ್ಕೆ 7.2 ಮೀಟರ್ ಉದ್ದ ಬೇಕು. ನಕ್ಷೆಯಲ್ಲಿ ಅಷ್ಟು ಜಾಗವೇ ಇಲ್ಲದಿದ್ದರೆ ಎರಡು ಮೀಟರಿನ ಕಡಿದಾದ ಜಾರುಬಂಡೆ ಮಾಡಿ ಕೊಡುತ್ತಾರೆ. ಊಟದ ಹಾಲಿಗೆ ಹೋಗುವ ದಾರಿಗೆ ಮಾಡು ಇರಲಿ, ನೆಲ ಒರಟಾಗಿರಲಿ. ಇಂಟರ್‌ಲಾಕ್ ಕಲ್ಲಿನ ಮೇಲೆ ಜೂನ್ ಮುಗಿಯುವಷ್ಟರಲ್ಲಿ ಪಾಚಿ ಕಟ್ಟುತ್ತದೆ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವ ಕೆಲಸ ಯಾರದ್ದು ಎಂದು ನಿರ್ವಹಣೆಯ ಪಟ್ಟಿಯಲ್ಲಿ ಇರಬೇಕು.

ಕಾಗದಪತ್ರಕ್ಕೆ ಬರುವ. ರಿಯಲ್ ಎಸ್ಟೇಟ್ ವ್ಯವಹಾರ ನಿಯಂತ್ರಿಸುವ ರೇರಾ ಕಾಯ್ದೆಯಡಿ ಪ್ರತಿ ಹಂತವೂ ಪ್ರತ್ಯೇಕ ಯೋಜನೆ, ಪ್ರತ್ಯೇಕ ನೋಂದಣಿ. ಮೊದಲ ಹಂತದ ರೇರಾ ನಂಬರನ್ನು ಹೊಸ ಕರಪತ್ರದಲ್ಲಿ ಅಚ್ಚು ಹಾಕಿದ್ದರೆ ಅಲ್ಲೇ ನಿಲ್ಲಿ. ನೋಂದಾಯಿತ ಕರಾರು ಆಗುವ ಮೊದಲು ಬೆಲೆಯ ಶೇ.10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಖರೀದಿದಾರರಿಂದ ಬಂದ ಹಣದ ಶೇ.70 ಆ ಹಂತದ ಪ್ರತ್ಯೇಕ ಖಾತೆಯಲ್ಲೇ ಇರಬೇಕು. ಒಪ್ಪಿಗೆಯಾದ ವಿನ್ಯಾಸ, ಸಾಮೂಹಿಕ ಜಾಗ ಬದಲಿಸಲು ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು. ಮೂರನೇ ಹಂತಕ್ಕೆ ರಸ್ತೆ ಬಿಡಲು ನಿಮ್ಮ ಪಾರ್ಕನ್ನು ಕತ್ತರಿಸಲು ಬಂದಾಗ ನೆನಪಿರಬೇಕಾದ ಕಲಮು ಇದು. ಕಟ್ಟಡದ ದೋಷಕ್ಕೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷ ಬಿಲ್ಡರ್ ಹೊಣೆ, ದೂರು ಬರಹದಲ್ಲೇ ಕೊಡಿ.

ಕ್ಲಬ್‌ಹೌಸ್, ಕ್ಲಿನಿಕ್, ಅಡುಗೆಮನೆ ಮೊದಲ ಹಂತದ ಜಾಗದಲ್ಲಿದ್ದರೆ ನಿಮಗೆ ಅದರಲ್ಲಿ ಹಕ್ಕು ಯಾವ ಪತ್ರದಿಂದ ಬರುತ್ತದೆ? "ಎಲ್ಲರಿಗೂ ಉಂಟು ಸರ್" ಎಂಬುದು ಪತ್ರವಲ್ಲ. ಹಳೆಯ ಸಂಘ ನಾಳೆ ಹೊರಗಿನವರ ದರ ಹೇಳಬಹುದು. ಸಂಘ ಒಂದೇ ಆಗುತ್ತದೋ ಎರಡೋ, ಮೊದಲಿನವರ ಕಾರ್ಪಸ್ ನಿಧಿಗೂ (ಮುಂದಿನ ದೊಡ್ಡ ಖರ್ಚಿಗೆಂದು ಕೂಡಿಟ್ಟ ಹಣ) ನಿಮ್ಮದಕ್ಕೂ ಸಂಬಂಧವೇನು, ಮಾರಾಟವಾಗದ ಮನೆಗಳ ತಿಂಗಳ ಖರ್ಚು ಯಾರು ಕಟ್ಟುತ್ತಾರೆ, ಈ ಮೂರೂ ಕರಾರಿನಲ್ಲಿ ಬರಲಿ. ತಿಂಗಳ ಶುಲ್ಕ 7,500 ರೂಪಾಯಿಯವರೆಗೆ ಜಿಎಸ್‌ಟಿ ಇಲ್ಲ ಎಂಬ ವಿನಾಯಿತಿ ನಿವಾಸಿಗಳ ಸಂಘಕ್ಕೆ. ಕಂಪನಿಯೊಂದು ನಿರ್ವಹಣೆ ನಡೆಸಿ ಬಿಲ್ಲು ಮಾಡಿದರೆ ಶೇ.18 ಸೇರಿಸಿಯೇ ಲೆಕ್ಕ ಹಾಕಿ.

ಮಾರುವ ದಿನದ ಮಾತನ್ನೂ ಕೊಳ್ಳುವ ದಿನವೇ ಆಡಬೇಕು. ಬೆಳೆಯುತ್ತಿರುವ ಬಡಾವಣೆಯಲ್ಲಿ ನಿಮ್ಮ ಹಳೆಯ ಮನೆಗೆ ಪೈಪೋಟಿ ಕೊಡುವುದು ಅದೇ ಬಿಲ್ಡರಿನ ಹೊಸ ಮನೆ. ವಿಚಾರಿಸಲು ಬಂದವರನ್ನು ಆಫೀಸಿನವರು ಮೊದಲು ಕರೆದುಕೊಂಡು ಹೋಗುವುದು ಮೂರನೇ ಹಂತಕ್ಕೆ. ಠೇವಣಿ ಕೊಟ್ಟು ವಾಸಿಸುವ ಪದ್ಧತಿಯಲ್ಲಿ ಇದು ಇನ್ನೂ ಬಿಗಿ. "ಮುಂದಿನ ನಿವಾಸಿ ಬಂದ ಮೇಲೆ ಠೇವಣಿ ವಾಪಸ್" ಎಂದು ಬರೆದಿದ್ದರೆ ಆ ಮುಂದಿನವರು ಬರುವುದು ಯಾವಾಗಲೋ. ಅದನ್ನು "ಕೋಣೆ ತೆರವಾದ ಇಂತಿಷ್ಟು ದಿನದೊಳಗೆ, ಹೊಸಬರು ಬರಲಿ ಬಾರದಿರಲಿ" ಎಂದು ಬದಲಿಸಿಕೊಂಡು, ದಿನದ ಸಂಖ್ಯೆ ತುಂಬಿಸಿ, ತಡವಾದರೆ ಬಡ್ಡಿ ಎಷ್ಟು ಎಂದು ಸೇರಿಸಿ. ಅರುವತ್ತು ತುಂಬದ ಮಗಳಿಗೋ ಮಗನಿಗೋ ಮನೆ ಹೋದರೆ ಅವರು ಅಲ್ಲಿ ವಾಸಿಸಬಹುದೇ, ಬರೀ ಮಾರಬಹುದೇ, ವರ್ಗಾವಣೆ ಶುಲ್ಕ ಶೇಕಡಾ ಎಷ್ಟು ಎಂಬುದೂ ಅದೇ ಪುಟದಲ್ಲಿ ಬರಲಿ.

ಸಹಿ ಹಾಕುವ ಮೊದಲು ಒಂದು ಸಂಜೆ ಏಳೂವರೆಗೆ ಅಲ್ಲಿ ಹೋಗಿ ದೀಪ ಉರಿಯುವ ಮನೆಗಳನ್ನು ಎಣಿಸಿ. ಎಲ್ಲ ಮನೆ ಮಾರಾಟವಾಗಿದೆ ಎನ್ನುವ ಕಡೆಯೂ ಅರ್ಧಕ್ಕರ್ಧ ಬೀಗ ಕಾಣಬಹುದು, ಮಾಲಿಕರು ದುಬೈಯಲ್ಲೋ ಬೊರಿವಲಿಯಲ್ಲೋ ಇರುತ್ತಾರೆ. ಮೂರರಲ್ಲಿ ಒಂದು ಮನೆಗೂ ದೀಪ ಇಲ್ಲದಿದ್ದರೆ ಅಡುಗೆಮನೆ, ನರ್ಸ್, ಕೊಳಚೆ ಘಟಕ ಯಾವುದೂ ಸರಿ ನಡೆಯುವುದು ಕಷ್ಟ. ಅಂಥ ಕಡೆ ಕೊಳ್ಳುವ ಬದಲು ಮೊದಲ ಹಂತದಲ್ಲೇ ಒಂದು ಮನೆ ಬಾಡಿಗೆಗೆ ಹಿಡಿದು, ಒಂದು ಮೇ, ಒಂದು ಜುಲೈ ಕಳೆಯುವವರೆಗೆ ಕಾಯುವುದು ಲೇಸು.