ಮೈಕು ನಂಬಿ ಹದಿನೆಂಟು ತಿಂಗಳು

ಹೋದ ವಾರ ಒಬ್ಬ ಹುಡುಗ ಅಂಗಡಿಗೆ ಬಂದಿದ್ದ. ಮೋಟಾರ್ ರಿಪೇರಿಗೆ ಬಂದಿರಬೇಕು ಅಂದುಕೊಂಡೆ. ಅಲ್ಲ. ಧಾರವಾಡದಲ್ಲಿ ಡಿಗ್ರಿ ಮುಗಿಸಿದ್ದಾನೆ, ಮನೆಯ ಒಂದು ಕೋಣೆಯಲ್ಲಿ ಆಡಿಯೋ ರೆಕಾರ್ಡಿಂಗ್ ಮಾಡಲು ಇಂಟರ್‌ಫೇಸು (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಕಂಡೆನ್ಸರ್ ಮೈಕು ಇಟ್ಟುಕೊಂಡು ಕೂತಿದ್ದಾನೆ. "ಅಣ್ಣಾರ, ಇದನ್ನ ಫುಲ್ ಟೈಮ್ ಮಾಡಬೇಕಂತ ಮಾಡೇನ್ರಿ. ನಡೀತದೇನ್ರಿ?" ಅಂತ ಕೇಳಿದ. ನನ್ನ ಕೈಗೆಲ್ಲ ವಾರ್ನಿಷ್ ಮೆತ್ತಿಕೊಂಡಿತ್ತು. ಅದನ್ನು ಒರೆಸಿಕೊಳ್ಳುವ ನೆಪದಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಏನೋ ಹೇಳಿ ಕಳಿಸಿದೆ, ಆದರೆ ಸರಿಯಾಗಿ ಹೇಳಲಿಲ್ಲ ಅಂತ ಅವತ್ತಿನಿಂದ ಅನಿಸುತ್ತಲೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಗದಗದಲ್ಲಿ ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ನಡೆಸುತ್ತೇನೆ. ಅಪ್ಪ ಮಾಡಿಟ್ಟ ಅಂಗಡಿ. ಬೇಸಿಗೆಯಲ್ಲಿ ರೈತರ ಬೋರ್‌ವೆಲ್ ಮೋಟಾರುಗಳು ಸುಟ್ಟು ಬರುತ್ತವೆ, ಆಗ ಊಟಕ್ಕೂ ಬಿಡುವಿಲ್ಲ. ಉಳಿದ ಹೊತ್ತಿನಲ್ಲಿ ಆಡಿಯೋ ರೆಕಾರ್ಡಿಂಗ್. ನಡುವೆ ಹದಿನೆಂಟು ತಿಂಗಳು ಮಾತ್ರ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಬರೀ ಮೈಕು ನಂಬಿ ಬದುಕಿದ್ದೆ.

ಗದಗಿನವನಿಗೆ ಈ ಹುಚ್ಚು ಹಿಡಿಯೋದು ದೊಡ್ಡ ವಿಷಯವಲ್ಲ. ಅಂಧ ಮಕ್ಕಳಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಊರು ಇದು, ಪೇಟಿ ತಬಲಾ ಕಿವಿಗೆ ಬೀಳದೆ ಬೆಳೆಯೋದೇ ಕಷ್ಟ. ಕೈಯಲ್ಲಿ ಹಿಡಿಯುವ ಒಂದು ಸಣ್ಣ ರೆಕಾರ್ಡರ್ ತಗೊಂಡೆ. ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಪ್ರವಚನ ನಡೆಯುತ್ತದಲ್ಲ, ಅಲ್ಲಿಗೆ ಹೋಗಿ ಯಾರೂ ಕೇಳದಿದ್ದರೂ ರೆಕಾರ್ಡ್ ಮಾಡುತ್ತಿದ್ದೆ. ಮೊದಲನೆಯದು ಪೂರ್ತಿ ಹಾಳು. ಪೇಟಿಯ ಮುಂದೆಯೇ ಕೂತುಬಿಟ್ಟಿದ್ದೆ, ಮನೆಗೆ ಬಂದು ಕೇಳಿದರೆ ಗವಾಯಿಗಳ ದನಿ ಪಕ್ಕದ ಓಣಿಯಿಂದ ಬಂದಂತಿತ್ತು. ಮುಂದಿನ ವಾರ ಎರಡು ಅಡಿ ಬಲಕ್ಕೆ ಸರಿದೆ. ಅಷ್ಟೇ, ದನಿ ಮುಂದೆ ಬಂತು. ಎರಡು ಅಡಿಗೆ ಇಷ್ಟು ವ್ಯತ್ಯಾಸವಾ ಅಂತ ಅವತ್ತು ರಾತ್ರಿ ನಿದ್ದೆಯೇ ಬರಲಿಲ್ಲ.

ಇನ್ನೊಂದು ಸಲ ಸ್ಪೀಕರಿನಲ್ಲಿ ಗುಂಯ್ ಅಂತ ಸದ್ದು, ನಿಲ್ಲುತ್ತಲೇ ಇಲ್ಲ. 50 ಹರ್ಟ್ಜ್ ಕರೆಂಟಿನ ಸದ್ದು ಅಂತ ಮೋಟಾರ್ ಅಂಗಡಿಯವನಿಗೆ ಕೂಡಲೇ ಗೊತ್ತಾಗುತ್ತದೆ. ಸೌಂಡ್ ಸಿಸ್ಟಮಿನವರು ಮಿಕ್ಸರ್ ಬೈಯುತ್ತಿದ್ದರು. ನಾನು ಹಿಂದೆ ಹೋಗಿ ಅರ್ಥಿಂಗ್ ಗುಂಡಿ ಹುಡುಕಿದೆ, ಒಣಗಿ ಬಿರುಕು ಬಿಟ್ಟಿತ್ತು. ಎರಡು ಕೊಡ ನೀರು ಸುರಿದೆ. ಸದ್ದು ಇಳಿಯಿತು. ಮೈಕಿನ ವೈರನ್ನು ಸೀರಿಯಲ್ ಲೈಟಿನ ವೈರಿನಿಂದ ದೂರ ಸರಿಸಿದೆ, ಪೂರ್ತಿ ಹೋಯಿತು. ಅವತ್ತೇ ತಲೆಗೆ ಏರಿದ್ದು, ನನಗೆ ಇದು ಬರುತ್ತದೆ, ಇದರಲ್ಲೇ ಬದುಕಬಹುದು ಅಂತ.

ಬದುಕಿದೆ ಕೂಡ, ಸುಳ್ಳು ಯಾಕೆ. ಆದರೆ ದುಡ್ಡು ಬಂದದ್ದು ನಾನು ಅಂದುಕೊಂಡ ಕಡೆಯಿಂದ ಅಲ್ಲ.

ಜಾಸ್ತಿ ದುಡ್ಡು ಬಂದದ್ದು ಧಾರವಾಡದ ಸಪ್ತಾಪುರದಿಂದ. ಅಲ್ಲಿ ಓಣಿಗೊಂದು ಕೋಚಿಂಗ್ ಸೆಂಟರ್ ಇದೆ, ಎಲ್ಲರಿಗೂ ಗೊತ್ತಲ್ಲ. ಮೇಷ್ಟ್ರಿಗೆ ಕಾಲರ್ ಮೈಕು ಸಿಕ್ಕಿಸುವುದು, ಫ್ಯಾನಿನ ಸದ್ದು ಬಾರದಂತೆ ಕೆಳಗಿನ ಫ್ರೀಕ್ವೆನ್ಸಿ ಕತ್ತರಿಸುವುದು, ದಿನಕ್ಕೆ ಐದು ಕ್ಲಾಸು. ಪಾಣಿಪತ್ ಯುದ್ಧ 1526, 1556, 1761 ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ ಈಗ. ಆಮೇಲೆ ಆಟೋದಲ್ಲಿ ಕೂಗಿಸುವ ಪ್ರಚಾರ: ಜಾತ್ರೆ, ನಾಟಕ ಕಂಪನಿ, ಸೀರೆ ಸೇಲ್, ಚುನಾವಣೆ ಬಂದರೆ ಹಬ್ಬ. ಆಮೇಲೆ ಜಾನಪದ ಸಾಂಗ್ ಮಾಡುವ ಹುಡುಗರು. ಟ್ರ್ಯಾಕ್ ಪೆನ್‌ಡ್ರೈವಿನಲ್ಲಿ ತರುತ್ತಾರೆ, ಒಂದು ತಾಸಿನಲ್ಲಿ ಹಾಡಿ, ಶ್ರುತಿ ತಿದ್ದುವ ಆಟೋಟ್ಯೂನ್ ಹಾಕಿಸಿ, ಅದೇ ರಾತ್ರಿ ಯೂಟ್ಯೂಬಿಗೆ ಏರಿಸಬೇಕು. ಸಂಗೀತ ಬಲ್ಲವರು ಅವರನ್ನು ಕಂಡರೆ ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಕೆಲಸ ಮುಗಿದ ಮೇಲೆ ಜೇಬಿನಿಂದ ನಗದು ತೆಗೆದುಕೊಟ್ಟವರು ಅವರೇ.

ಖಯಾಲ್, ಅಂದರೆ ಹಿಂದೂಸ್ತಾನಿ ಶಾಸ್ತ್ರೀಯ ಗಾಯನದ ಕಛೇರಿಯ ಲೆಕ್ಕ ಬೇರೆ. ಮೂರು ತಾಸಿನ ಕಛೇರಿ ಅಂದರೆ 24 ಬಿಟ್, 48 ಕಿಲೋಹರ್ಟ್ಜಿನಲ್ಲಿ ಎರಡೇ ಚಾನೆಲ್ ಹಿಡಿದರೂ ಸುಮಾರು 3 ಜಿಬಿ. ಸಂಜೆ ನಾಲ್ಕಕ್ಕೆ ಹೋಗಿ ಕೇಬಲ್ ಎಳೆಯಬೇಕು, ರಾತ್ರಿ ಹನ್ನೆರಡಕ್ಕೆ ಸುತ್ತಬೇಕು, ಆಮೇಲೆ ಎರಡು ರಾತ್ರಿ ಕೂತು ಕೆಮ್ಮು, ಕುರ್ಚಿ ಎಳೆದದ್ದು, ಯಾರದೋ ಫೋನ್ ರಿಂಗು ಎಲ್ಲ ತೆಗೆಯಬೇಕು. ಇಷ್ಟಕ್ಕೆ ಏನು ಸಿಗುತ್ತದೆ? ಶಾಲು. ನಮ್ಮ ಮನೆಯಲ್ಲಿ ಏಳು ಶಾಲುಗಳಿವೆ, ಹೆಂಡತಿ ಒಂದನ್ನು ಮಿಕ್ಸಿಗೆ ಹೊದಿಸಿದ್ದಾಳೆ. ಒಂದು ಸಂಘದವರು "ಗ್ರಾಂಟ್ ಬಂದ ಕೂಡಲೇ ಕೊಡ್ತೇವ್ರಿ" ಅಂದಿದ್ದರು. ಆ ಗ್ರಾಂಟು ಇನ್ನೂ ದಾರಿಯಲ್ಲಿದೆ.

ಆಷಾಢದಲ್ಲಿ ಮದುವೆ ಇಲ್ಲ, ಜಾತ್ರೆ ಇಲ್ಲ, ಫೋನೂ ಇಲ್ಲ. ಮೈಕು, ಸ್ಪೀಕರಿನ ಕಂತು ಮಾತ್ರ ತಾರೀಖು ತಪ್ಪದೆ ಬರುತ್ತಿತ್ತು.

ಇಷ್ಟಾದರೂ ಬಿಟ್ಟದ್ದು ದುಡ್ಡಿಗಾಗಿ ಅಲ್ಲ. ಒಂದು ಸಂಜೆ ಹುಬ್ಬಳ್ಳಿಯಲ್ಲಿ ಒಬ್ಬರ ಮನೆಯಲ್ಲಿ ಬೈಠಕ್ ಇತ್ತು. ಹಾಡುವವರು ತಂಬೂರಿ ಶ್ರುತಿ ಮಾಡುತ್ತಿದ್ದರು. ಸ್ವಲ್ಪ ಜಾಸ್ತಿಯೇ ಹೊತ್ತು ಹಿಡಿಯಿತು, ಜವಾರಿ, ಅಂದರೆ ತಂತಿಯ ಝೇಂಕಾರ, ಕೂಡುತ್ತಿರಲಿಲ್ಲ. ಹಿಂದೆಲ್ಲ ನಾನು ಕಣ್ಣು ಮುಚ್ಚಿ ಕೇಳುತ್ತಿದ್ದ ಭಾಗ ಅದು. ಅವತ್ತು ನಾನು ಮೊಬೈಲಿನಲ್ಲಿ ಟೈಮ್ ನೋಡುತ್ತಿದ್ದೆ, ಬೆಳಿಗ್ಗೆ ಎಂಟಕ್ಕೆ ಸಪ್ತಾಪುರದಲ್ಲಿ ಭೂಗೋಳದ ಕ್ಲಾಸಿತ್ತು. ಅದು ಗೊತ್ತಾದ ಕೂಡಲೇ ಹೊಟ್ಟೆಯೊಳಗೆ ಒಂಥರಾ ಆಯಿತು. ಎರಡು ತಿಂಗಳಲ್ಲಿ ಅಂಗಡಿಗೆ ವಾಪಸ್ ಬಂದೆ.

ಸಂಗೀತಕ್ಕಾಗಿ ಬೇರೆ ಕಡೆ ದುಡಿಯೋದು ಬರೀ ನಮ್ಮ ಕಾಲದ ಕಷ್ಟವೇನಲ್ಲ. ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ನಡೆಸಿದ್ದೇ ನಮ್ಮೂರ ಪುಣ್ಯಾಶ್ರಮದ ಮಕ್ಕಳ ಊಟಕ್ಕಾಗಿ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಧಾರವಾಡ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿದ್ದರು. 1950ರಲ್ಲಿ ಶುರುವಾದ ಆ ನಿಲಯದಲ್ಲಿ ಹಾಡುವವರಿಗೂ ಸಂಬಳವಿತ್ತು, ರೆಕಾರ್ಡ್ ಮಾಡುವವರಿಗೂ ಸಂಬಳವಿತ್ತು. ತಿಂಗಳ ಸಂಬಳ ಪಡೆದು ಒಳ್ಳೆಯ ಮೈಕಿನ ಮುಂದೆ ಒಳ್ಳೆಯ ಸಂಗೀತ ಕೂರಿಸುವ ಕೆಲಸ! ಕೇಳಿದರೇ ಹೊಟ್ಟೆಕಿಚ್ಚಾಗುತ್ತದೆ.

ಪಾರ್ಟ್ ಟೈಮ್ ಆದ ಮೇಲೆ ಎಲ್ಲ ಸುಲಭ ಆಯಿತು ಅಂದುಕೊಂಡಿದ್ದೆ. ಹುಡುಗನಿಗೆ ಹೇಳದೆ ಬಿಟ್ಟದ್ದು ಈ ಭಾಗವನ್ನೇ.

ಹುಬ್ಬಳ್ಳಿಯಲ್ಲಿ ನನ್ನ ಗೆಳೆಯನೊಬ್ಬನ ಸ್ಟುಡಿಯೋ ಇದೆ. ನನಗಿಂತ ಚಿಕ್ಕವನು, ನನಗಿಂತ ಚೆನ್ನಾಗಿ ಕೆಲಸ ಬಲ್ಲವನು. ಬಾಡಿಗೆ ಕಟ್ಟುತ್ತಾನೆ, ಇಬ್ಬರು ಹುಡುಗರಿಗೆ ಪಗಾರ ಕೊಡುತ್ತಾನೆ. ಹಾವೇರಿ ಕಡೆಯ ಒಂದು ಊರಿನವರು ಮೂರು ದಿನದ ಕಾರ್ಯಕ್ರಮಕ್ಕೆ ರೇಟು ಕೇಳಿದರು. ನಾನು 6 ಸಾವಿರ ಅಂದೆ. ನನಗೇನು, ಪೆಟ್ರೋಲು ಊಟ ಕಳೆದು ಒಂದಿಷ್ಟು ಉಳಿದರೆ ಸಾಕು, ಸಂಗೀತ ಕೇಳಿದ ಹಾಗೂ ಆಯಿತು. ನನಗೇ ಕೊಟ್ಟರು. ಅವನು ಅದೇ ಕೆಲಸಕ್ಕೆ 15 ಸಾವಿರ ಹೇಳಿದ್ದ ಅಂತ ಆಮೇಲೆ ಗೊತ್ತಾಯಿತು. ಜಗಳ ಆಡಲಿಲ್ಲ. ಫೋನ್ ಮಾಡಿ ಅದೂ ಇದೂ ಮಾತಾಡಿ, ಇಡುವಾಗ ಅಂದ: "ಅಣ್ಣಾ, ನಿನಗ ಅಂಗಡಿ ಐತಿ. ನನಗ ಇದ ಅಂಗಡಿ."

ನನ್ನ ಮೋಟಾರ್ ಅಂಗಡಿಯ ಪಕ್ಕ ಯಾರೋ ಒಬ್ಬ ನೌಕರಿಯವನು ಬಂದು, ಸಂಜೆ ಹೊತ್ತು ಕಳೆಯಲು ಅರ್ಧ ರೇಟಿಗೆ ರಿವೈಂಡಿಂಗ್ ಮಾಡಿಕೊಟ್ಟರೆ ನಾನು ಆ ಗೆಳೆಯನಷ್ಟು ಮೆತ್ತಗೆ ಮಾತಾಡುತ್ತಿದ್ದೆನಾ? ಇಲ್ಲ ಬಿಡಿ.

ಅಲ್ಲಿಂದ ಅರ್ಧ ರೇಟಿನ ಕೆಲಸ ನಿಲ್ಲಿಸಿದೆ. ಯಾರಾದರೂ ಕೇಳಿದರೆ ಮೊದಲು ಗೆಳೆಯನಿಗೆ ಫೋನ್ ಮಾಡಿ ಅವನ ರೇಟು ಕೇಳುತ್ತೇನೆ, ಅದನ್ನೇ ಹೇಳುತ್ತೇನೆ. "ನಿಮಗೇನ್ರಿ, ಹವ್ಯಾಸಕ್ಕ ಮಾಡ್ತೀರಿ, ಸೇವಾ ಅಂತ ತಿಳ್ಕೊರ್ರಿ" ಅನ್ನುವವರು ಇದ್ದಾರೆ. ಶಾಮಿಯಾನದವನ ಹತ್ತಿರ ಸೇವೆ ಕೇಳಿದಿರಾ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಅರ್ಧಕ್ಕರ್ಧ ಕೆಲಸ ಕೈತಪ್ಪಿ ಅವನ ಕಡೆಗೇ ಹೋಯಿತು. ಹೋಗಲಿ.

ಪುಕ್ಕಟೆ ಮಾತ್ರ ಈಗಲೂ ಮಾಡುತ್ತೇನೆ, ಯಾವ ಸ್ಟುಡಿಯೋವನ್ನೂ ಯಾರೂ ಕರೆಯದ ಕಡೆ. ಮುಂಡರಗಿ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಬೀಸುವ ಪದ ಹಾಡುತ್ತಾಳೆ ಅಂತ ಗೊತ್ತಾಗಿ ಹೋಗಿದ್ದೆ. ಮೈಕು ಇಟ್ಟೆ, ಅಜ್ಜಿ ಎರಡು ಸಾಲು ಹಾಡಿ ನಿಂತಳು. ಮತ್ತೆ ಶುರು, ಮತ್ತೆ ನಿಂತಳು. "ಕಲ್ಲ ತಿರುಗಲಿಲ್ಲಂದ್ರ ಪದ ಹೆಂಗ ಬರ್ತಾವೋ ತಮ್ಮಾ?" ಅಂದಳು. ಬೀಸುವ ಕಲ್ಲು ಹಿತ್ತಲಲ್ಲಿ ಮೆಟ್ಟಿಲಾಗಿ ಬಿದ್ದಿತ್ತು. ನಾನೂ ಅವಳ ಮೊಮ್ಮಗನೂ ಸೇರಿ ಹೊತ್ತು ತಂದು ತೊಳೆದು ಇಟ್ಟೆವು, ಒಂದು ಹಿಡಿ ಜೋಳ ಹಾಕಿದೆವು. ನಲವತ್ತು ನಿಮಿಷ ನಿಲ್ಲಲೇ ಇಲ್ಲ. ಕಲ್ಲಿನ ಗರ್‌ಗರ್ ಸದ್ದು ಪದದ ಮೇಲೆಯೇ ಇದೆ, ನಡುವೆ ಕೋಳಿಯೂ ಕೂಗಿದೆ. ಏನನ್ನೂ ತೆಗೆದಿಲ್ಲ. ಹದಿನೆಂಟು ತಿಂಗಳ ಕಾಲದಲ್ಲಿ ಆಗಿದ್ದರೆ ಆ ಹಳ್ಳಿಗೆ ನಾನು ಹೋಗುತ್ತಲೇ ಇರಲಿಲ್ಲ.

ಇನ್ನು ಆ ಹುಡುಗ. ಬೇಡ ಅಂತ ನಾನು ಹೇಳುವುದಿಲ್ಲ, ಹೇಳಲು ನಾನ್ಯಾರು. ಎರಡನೇ ಮೈಕು ತಗೋಬೇಡ, ಆ ದುಡ್ಡಿನಲ್ಲಿ ಒಳ್ಳೆಯ ಕೇಬಲ್ ತಗೋ. ಕೆಲಸಕ್ಕೆ ಮೊದಲೇ ಅರ್ಧ ದುಡ್ಡು ಇಸಕೋ, ಮಠವಾದರೂ ಸರಿ, ಮಾವನಾದರೂ ಸರಿ. ಆಷಾಢಕ್ಕೆ ಅಂತ ಮೂರು ತಿಂಗಳ ರೇಷನ್ನಿನ ದುಡ್ಡು ಬೇರೆ ಇಡು. ಮುಖ್ಯ, ಸದ್ಯಕ್ಕೆ ಯಾರಿಗೂ ನಿನ್ನ ರೇಟು ಹೇಳಬೇಡ, ಮೊದಲು ಒಂದು ಆರು ತಿಂಗಳು ಯಾರದಾದರೂ ಕೈಕೆಳಗೆ ದುಡಿ.

ಹುಬ್ಬಳ್ಳಿಯ ಗೆಳೆಯನಿಗೆ ನಿನ್ನೆ ಹೇಳಿದ್ದೇನೆ. ಭಾನುವಾರ ಅವನದೊಂದು ಕೆಲಸವಿದೆ, ಕರಕೊಂಡು ಬಾ ಅಂದಿದ್ದಾನೆ. ಹುಡುಗನಿಗೆ ಮೊದಲ ದಿನ ಕೇಬಲ್ ಸುತ್ತುವ ಕೆಲಸ. ಹಗ್ಗದ ಹಾಗೆ ಮೊಳಕೈಗೆ ಸುತ್ತಿದನೋ, ಬೈಸಿಕೊಳ್ಳುತ್ತಾನೆ.